ಎಲ್ಲಾ ರೈತರಿಗೂ ಒಂದೇ ಮೊಬೈಲ್ ನಂಬರ್

ಜುಲೈ ಅಂದ್ರೆ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟುಗಳ ನಡುವೆ ನಡೆಯೋಕೂ ಜಾಗ ಇರುವುದಿಲ್ಲ. ಅಂಥ ಹೊತ್ತಲ್ಲಿ ಪರಿಚಯದ ಮಂಡಿ ಮಾಲೀಕರೊಬ್ಬರು ಫೋನ್ ಮಾಡಿದರು. ಆ ಸೀಸನ್ನಿಗೆ ಅವರ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹೊಸದಾಗಿ ರೈತರ ಮೊಬೈಲ್ ನಂಬರ್ ಸೇರಿಸಿದ್ದರು, ಹರಾಜಾದ ಮೇಲೆ ರೇಟು ಮೆಸೇಜ್ ಹೋಗಲಿ ಅಂತ.

"ಸಾರ್, ಯಾರಿಗೂ ಮೆಸೇಜೇ ಹೋಗ್ತಿಲ್ಲ. ನೋಡಿದ್ರೆ ಎಲ್ಲಾ ರೈತರದ್ದೂ ಒಂದೇ ನಂಬರ್ ಐತೆ. ವೈರಸ್ ಏನಾದ್ರೂ ಬಂದೈತಾ?"

ಏನು ನಂಬರ್ ಅಂತ ಕೇಳಿದೆ. 2147483647 ಅಂದರು. ನಗು ಬಂತು, ಆದರೆ ಆ ಹೊತ್ತಲ್ಲಿ ನಗೋದು ಸರಿಯಲ್ಲ ಅಲ್ವಾ.

ಅವರ ಸಾಫ್ಟ್‌ವೇರ್ ಡೇಟಾ ಇಡೋದು ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸಿನಲ್ಲಿ. ಅದರಲ್ಲಿ 'ಇಂಟ್' (ಪೂರ್ಣಾಂಕ) ಅನ್ನೋ ಟೈಪಿನ ಕಾಲಂ ಹಿಡಿಯುವ ಅತಿ ದೊಡ್ಡ ಸಂಖ್ಯೆ ಅದು, ಮೊಬೈಲ್ ಕಾಲಮ್ಮಿಗೂ ಅದೇ ಟೈಪು ಇಟ್ಟಿದ್ದರು. ನಮ್ಮ ಮೊಬೈಲ್ ನಂಬರುಗಳು 6, 7, 8 ಇಲ್ಲವೇ 9ರಿಂದ ಶುರುವಾಗುವ ಹತ್ತಂಕಿಗಳು, ಎಲ್ಲವೂ ಇದಕ್ಕಿಂತ ದೊಡ್ಡವು. ಹೊಂದದ ಡೇಟಾ ಬಂದರೆ ತಡೆಯುವ 'ಸ್ಟ್ರಿಕ್ಟ್ ಮೋಡ್' ಆನ್ ಇದ್ದಿದ್ದರೆ ಡೇಟಾಬೇಸ್ ಮೊದಲ ರೈತನ ನಂಬರಿಗೇ ಎರರ್ ಕೊಡುತ್ತಿತ್ತು. 5.7ನೇ ಆವೃತ್ತಿಯಿಂದ ಅದು ತಾನಾಗೇ ಆನ್ ಇರುತ್ತದೆ, ಆದರೆ ಹಳೇ ಸಾಫ್ಟ್‌ವೇರ್ ಕಿರಿಕಿರಿ ಮಾಡುತ್ತೆ ಅಂತ ಎಷ್ಟೋ ಜನ ಅದನ್ನೇ ಆಫ್ ಮಾಡಿಬಿಡುತ್ತಾರೆ. ಆಗ ಡೇಟಾಬೇಸ್ ತನ್ನ ಕೈಲಿ ಆಗುವಷ್ಟು ದೊಡ್ಡ ನಂಬರ್ ಬರೆದು ಸುಮ್ನೆ ಕೂರುತ್ತದೆ.

ಇದನ್ನು ಕಂಡುಹಿಡಿಯೋಕೆ ಪ್ರೋಗ್ರಾಮರೇ ಬೇಕು ಅಂತಿಲ್ಲ. ಬ್ರೌಸರಿನಲ್ಲಿ ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸ್ ಒಳಗೆ ನೋಡೋ ಸಾಧನ) ತೆರೆದು ಎಡಗಡೆ ಟೇಬಲ್ ಹೆಸರು ಒತ್ತಿದರೆ ಮೊದಲು ಡೇಟಾ ಕಾಣುತ್ತದೆ. ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ಪಕ್ಕದ 'ಸ್ಟ್ರಕ್ಚರ್' ಟ್ಯಾಬ್ ಒತ್ತಿ. ಟೇಬಲ್ಲಿನ ಒಂದೊಂದು ಕಾಲಮ್ಮಿಗೂ ಒಂದೊಂದು ಸಾಲು: ಹೆಸರು, ಟೈಪು, ಕೊಲೇಶನ್ (ಯಾವ ಲಿಪಿ ಹಿಡಿಯುತ್ತೆ, ಹೇಗೆ ಹೋಲಿಸುತ್ತೆ ಅನ್ನೋದು), ಖಾಲಿ ಬಿಡಬಹುದಾ ಇಲ್ವಾ, ಏನೂ ಹಾಕದಿದ್ದರೆ ಏನು ಬರುತ್ತೆ. ಹೆಸರಿನ ಪಕ್ಕ ಹಳದಿ ಬೀಗದಕೈ ಕಂಡರೆ ಅದು ಪ್ರೈಮರಿ ಕೀ, ಅಂದ್ರೆ ಒಂದೊಂದು ದಾಖಲೆಯನ್ನೂ ಬೇರೆಯಾಗಿ ಗುರುತಿಸುವ ಕಾಲಂ. ನಾನಂತೂ ಮೊದಲು ನೋಡೋದು ಟೈಪು.

ಆ ಪುಟದಲ್ಲೇ ಇನ್ನೊಂದು ಸಿಕ್ಕಿತು. 'ಊರು' ಕಾಲಂ ವಾರ್‌ಚಾರ್ 10, ಅಂದ್ರೆ ಹತ್ತು ಅಕ್ಷರಕ್ಕೆ ಜಾಗ. ನಮ್ಮ ಕಣ್ಣಿಗೆ 'ಶ್ರೀನಿವಾಸಪುರ' ಆರೇ ಅಕ್ಷರ. ಕಂಪ್ಯೂಟರ್ ಹಾಗೆ ಎಣಿಸಲ್ಲ. ಬರೀ 'ಶ್ರೀ'ಗೇ ನಾಲ್ಕು ಲೆಕ್ಕ: ಶ, ಅರ್ಧ ಮಾಡುವ ಚಿಹ್ನೆ, ರ, ಆಮೇಲೆ ದೀರ್ಘ. ಕೊಂಬು, ಗುಡಿಸು ಎಲ್ಲಾ ಎಣಿಸಿದರೆ ಒಟ್ಟು ಹನ್ನೆರಡು. ಹಾಗಾಗಿ ಅವರ ಬಿಲ್ಲಿನಲ್ಲಿ 'ಶ್ರೀನಿವಾಸಪ' ಅಂತ ಬರುತ್ತಿತ್ತು. ಮುಳಬಾಗಿಲು, ಬಂಗಾರಪೇಟೆ ಒಂಬತ್ತಕ್ಕೇ ಮುಗಿಯುವುದರಿಂದ ಬಚಾವ್. ಶ್ರೀನಿವಾಸಪುರದವರು ಮಾತ್ರ ಎರಡು ವರ್ಷದಿಂದ ಗೊಣಗುತ್ತಿದ್ದರಂತೆ, ಪ್ರಿಂಟರ್ ಸರಿ ಇಲ್ಲ ಅಂತ ಇವರು ಪ್ರಿಂಟರನ್ನೇ ಬದಲಾಯಿಸಿದ್ದರು!

ಮೊತ್ತದ ಕಾಲಂ 'ಫ್ಲೋಟ್' (ಸಂಖ್ಯೆಯನ್ನು ಅಂದಾಜಾಗಿ ಇಡುವ ಟೈಪು) ಇತ್ತು, ಅದೂ ತಪ್ಪೇ. ಅಂಕಿ ಏಳು ದಾಟಿದ ಮೇಲೆ ಪೈಸೆ ಆಚೀಚೆ ಆಗುತ್ತೆ. ದುಡ್ಡಿಗೆ ಪೈಸೆ ತಪ್ಪದ 'ಡೆಸಿಮಲ್' ಟೈಪು ಇಡಬೇಕು. ಕನ್ನಡ ಬರೆಯುವ ಕಾಲಮ್ಮಿನ ಕೊಲೇಶನ್ 'ಲ್ಯಾಟಿನ್1' ಅಂತ ಶುರುವಾಗಿದ್ದರೆ ಕನ್ನಡದ ಬದಲು ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತೆ. 'ಯುಟಿಎಫ್8ಎಂಬಿ4' ಇರಲಿ.

ಒಂದು ಎಚ್ಚರಿಕೆ. ಆ ಪುಟದಲ್ಲಿ ಪ್ರತಿ ಸಾಲಿನ ಕೊನೆಗೂ 'ಚೇಂಜ್' ಪಕ್ಕದಲ್ಲೇ 'ಡ್ರಾಪ್' ಇರುತ್ತದೆ. ಒತ್ತಿ, ಖಾತ್ರಿ ಕೇಳಿದಾಗ ಓಕೆ ಅಂದರೆ ಕಾಲಮ್ಮೂ ಹೋಯಿತು, ಅದರೊಳಗಿನ ಡೇಟಾನೂ ಹೋಯಿತು. ಆದ್ದರಿಂದ ಮಾಲೀಕರಿಗೆ ರೂಟ್ (ಏನು ಬೇಕಾದರೂ ಮಾಡಬಲ್ಲ ಮುಖ್ಯ ಯೂಸರ್) ಪಾಸ್‌ವರ್ಡ್ ಕೊಡಬೇಡಿ, ಅವರು ಎಷ್ಟೇ ಹತ್ತಿರದವರಾಗಿರಲಿ. 'ಸೆಲೆಕ್ಟ್' (ಬರೀ ಓದುವ) ಅನುಮತಿ ಮಾತ್ರ ಇರುವ ಬೇರೆ ಯೂಸರ್ ಮಾಡಿಕೊಡಿ. ಸ್ಟ್ರಕ್ಚರ್ ಪೂರ್ತಿ ಕಾಣುತ್ತೆ, ತಪ್ಪಿ ಡ್ರಾಪ್ ಒತ್ತಿದರೂ ಸರ್ವರ್ ಒಪ್ಪಲ್ಲ.

ಅವತ್ತು ಬ್ಯಾಕಪ್ ತೆಗೆದುಕೊಂಡು ಮೊಬೈಲ್ ಕಾಲಂ ವಾರ್‌ಚಾರ್ 15 ಮಾಡಿದೆ, ಊರಿಗೆ 50 ಕೊಟ್ಟೆ. ಒಂದು ನಿಮಿಷದ ಕೆಲಸ. ಆದರೆ ಟೈಪು ಬದಲಾಯಿಸಿದರೆ ಹೋದ ನಂಬರ್ ವಾಪಸ್ ಬರಲ್ಲ, ಅವು ಡೇಟಾಬೇಸಿನೊಳಗೆ ಹೋಗಿಯೇ ಇರಲಿಲ್ಲ. ಪುಣ್ಯಕ್ಕೆ ಮಂಡಿ ರೈಟರ್ ಕಂಪ್ಯೂಟರ್ ನಂಬುವ ಆಸಾಮಿ ಅಲ್ಲ, ಎಲ್ಲಾ ನಂಬರುಗಳನ್ನೂ ಉದ್ದನೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಇಬ್ಬರು ಹುಡುಗರು ಕೂತು ಮೂರು ದಿನ ಟೈಪ್ ಮಾಡಿದರು.