ಬಣ್ಣದಡಿಯ ಉಪ್ಪು: ಕರಾವಳಿಯ ಕಬ್ಬಿಣ ಮತ್ತು ಶಾಟ್ ಬ್ಲಾಸ್ಟಿಂಗ್ ನಡೆದುಬಂದ ದಾರಿ

ಕಾರವಾರದಿಂದ ಭಟ್ಕಳದವರೆಗೆ ಕಡಲಂಚಿನ ಯಾವ ಊರಿಗಾದರೂ ಹೋಗಿ, ಬಣ್ಣ ಬಳಿದು ಎರಡು ಮಳೆಗಾಲ ಕಳೆದ ಕಬ್ಬಿಣದ ಗೇಟನ್ನೋ ನೀರಿನ ಟ್ಯಾಂಕಿನ ಸ್ಟ್ಯಾಂಡನ್ನೋ ಹತ್ತಿರದಿಂದ ನೋಡಿ. ಬಣ್ಣದ ಮೇಲೆ ಕಡಲೆಕಾಳಿನ ಗಾತ್ರದ ಬೊಬ್ಬೆಗಳು ಎದ್ದಿರುತ್ತವೆ. ಮೊಳೆಯ ತುದಿಯಿಂದ ಒಂದನ್ನು ಒಡೆದರೆ ಒಂದು ಹನಿ ನೀರು ಜಿನುಗುತ್ತದೆ. ಅದರಡಿ ಕಪ್ಪು ತುಕ್ಕು. ಗಾಳಿ ತಗುಲಿದ ಸ್ವಲ್ಪ ಹೊತ್ತಿಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಬಣ್ಣ ಎಲ್ಲಿಯೂ ಹರಿದಿರಲಿಲ್ಲ, ತೂತಾಗಿರಲಿಲ್ಲ. ಬೈಗುಳ ಬೀಳುವುದು ಬಣ್ಣದ ಡಬ್ಬಿಗೆ. ಆದರೆ ಹೆಚ್ಚಿನ ಸಲ ತಪ್ಪು ಡಬ್ಬಿಯದಲ್ಲ, ಅದು ಬಿದ್ದ ನೆಲದ್ದು. ಉಪ್ಪಿನ ಮೇಲೆ ಬಣ್ಣ ಬಿದ್ದಿದೆ.

ಹೇಗೆಂದು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಸಾಣಿಕಟ್ಟೆಯ ಹರಳುಪ್ಪು ಆಷಾಢದಲ್ಲಿ ಭರಣಿಯೊಳಗೇ ಒಸರುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವಾಂಶ ಶೇ 75 ದಾಟಿದಾಗ ನೀರು ಹೀರಿ ಕರಗತೊಡಗುತ್ತದೆ. ಕಡಲುಪ್ಪಿನ ಜೊತೆಗಿರುವ ಮೆಗ್ನೀಷಿಯಂ ಕ್ಲೋರೈಡಿಗೆ ಶೇ 33 ಸಾಕು. ಎಷ್ಟೇ ಒಳ್ಳೆಯ ಬಣ್ಣವಿರಲಿ, ಅದರ ಪೊರೆ ನೀರಾವಿಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತದೆ. ಕೆಳಗೆ ಉಪ್ಪಿದ್ದರೆ ಆ ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ, ಒತ್ತಡ ಕಟ್ಟುತ್ತದೆ, ಪೊರೆ ಬೊಬ್ಬೆಯಾಗಿ ಏಳುತ್ತದೆ. ಉಪ್ಪಿರುವ ಕಬ್ಬಿಣ ನಮ್ಮ ಕರಾವಳಿಯಲ್ಲಿ ಪೂರ್ತಿ ಒಣಗುವುದೇ ಇಲ್ಲ.

ಬಣ್ಣದ ಕೆಳಗೆ ಏನೇನು ಉಳಿಯಬಾರದು ಎಂಬುದನ್ನು, ಮರಳನ್ನೋ ಲೋಹದ ಗುಂಡನ್ನೋ ರಭಸದಿಂದ ಹೊಡೆದು ಉಕ್ಕಿನ ಮೈ ಸ್ವಚ್ಛ ಮಾಡುವ ಬ್ಲಾಸ್ಟಿಂಗ್ ಕಸುಬು ನೂರೈವತ್ತು ವರ್ಷಗಳಲ್ಲಿ ಒಂದೊಂದಾಗಿ ಕಲಿತಿದೆ. ನಮಗೆ ಎಲ್ಲಕ್ಕಿಂತ ಮೊದಲು ಬೇಕಿದ್ದ ಪಾಠ ಎಲ್ಲಕ್ಕಿಂತ ಕೊನೆಗೆ ಬಂತು. ಅದಕ್ಕೇ ಈ ಚರಿತ್ರೆ ತಿಳಿಯಬೇಕಾದದ್ದು.

ಮರಳಿನ ಕಾಲ

ಕಾರ್ಖಾನೆಯಲ್ಲಿ ಕೆಂಪಗೆ ಕಾಸಿ ಉರುಳೆಗಳ ನಡುವೆ ಒತ್ತಿದ ಉಕ್ಕಿನ ತಗಡು ತಣಿಯುವಾಗ ಅದರ ಮೇಲೆ ನೀಲಿ ಮಿಶ್ರಿತ ಬೂದುಬಣ್ಣದ ಗಟ್ಟಿ ಚಕ್ಕೆ ಕಟ್ಟುತ್ತದೆ. ಕಸುಬಿನವರು ಇದನ್ನು ಮಿಲ್ ಸ್ಕೇಲ್ ಎನ್ನುತ್ತಾರೆ. ನೋಡಲು ನುಣುಪು, ಮುಟ್ಟಲು ಗಟ್ಟಿ. ಇದರ ಮೇಲೇ ಬಣ್ಣ ಬಳಿದರಾಯಿತು ಅನ್ನಿಸುತ್ತದೆ. ಆದರೆ ಬಿಸಿಲಿಗೆ ಉಕ್ಕು ಹಿಗ್ಗಿ ಕುಗ್ಗಿದಂತೆ ಚಕ್ಕೆ ಬಿರುಕು ಬಿಡುತ್ತದೆ. ತೇವ ಸೇರಿದರೆ ಚಕ್ಕೆ ಮತ್ತು ಉಕ್ಕು ಬ್ಯಾಟರಿಯ ಎರಡು ಧ್ರುವಗಳಂತೆ ವರ್ತಿಸುತ್ತವೆ: ಚಕ್ಕೆ ಉಳಿಯುತ್ತದೆ, ಬಿರುಕಿನಲ್ಲಿ ಕಾಣುವ ಉಕ್ಕು ಕರಗಿ ಕುಳಿ ಬೀಳುತ್ತದೆ. ಹಿಂದೆ ಇದಕ್ಕೆ ಮದ್ದೆಂದರೆ ಉಕ್ಕನ್ನು ತಿಂಗಳುಗಟ್ಟಲೆ ಬಯಲಲ್ಲಿ ಬಿಟ್ಟು, ತುಕ್ಕು ಹಿಡಿದು ಚಕ್ಕೆ ಸಡಿಲಾದ ಮೇಲೆ ತಂತಿಬ್ರಷ್ಷಿನಿಂದ ಉಜ್ಜಿ, ಅಗಸೆ ಎಣ್ಣೆಯಲ್ಲಿ ಕಲಸಿದ ಕೆಂಪು ಸೀಸ ಬಳಿಯುವುದು. ಆ ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು, ಆದರೆ ತುಕ್ಕಿನ ಸಂದಿಗೆ ಇಳಿದು ನೆನೆಸುತ್ತಿತ್ತು. ಉಜ್ಜಿದ್ದು ಅರೆಬರೆಯಾದರೂ ಅದು ತಾಳುತ್ತಿತ್ತು. ಇಂದಿನ ರಾಳದ ಬಣ್ಣವಾದ ಸಾಮಾನ್ಯ ಎಪಾಕ್ಸಿ ತಾಳುವುದಿಲ್ಲ, ಅದಕ್ಕೆ ಹಿಡಿತಕ್ಕೆ ಗರಸು ಮೈ ಬೇಕು, ಅಡಿಯಲ್ಲಿ ಬರಿಯ ಉಕ್ಕು ಬೇಕು.

ಫಿಲಡೆಲ್ಫಿಯಾದ ರಸಾಯನಶಾಸ್ತ್ರಜ್ಞ ಬೆಂಜಮಿನ್ ಚ್ಯೂ ಟಿಲ್ಮನ್ 1870ರ ಅಕ್ಟೋಬರ್‌ನಲ್ಲಿ ಮರಳನ್ನು ಹಬೆ ಅಥವಾ ಗಾಳಿಯ ಒತ್ತಡದಿಂದ ಚಿಮ್ಮಿಸಿ ಗಟ್ಟಿ ವಸ್ತುಗಳನ್ನು ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಗಾಜು, ಕಲ್ಲು ಕೊರೆಯಲು ಬಂದದ್ದು ಬೇಗನೆ ಎರಕದ ಕಾರ್ಖಾನೆಗಳಿಗೂ ಹಡಗುಕಟ್ಟೆಗಳಿಗೂ ಹಬ್ಬಿತು. ಮರಳು ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ಒಂದು ಸಲ ಹೊಡೆದು ಬಿಟ್ಟರಾಯಿತು.

ಬೆಲೆ ತೆತ್ತದ್ದು ಮರಳು ಚಿಮ್ಮುವ ನಾಝಲ್ ಹಿಡಿದವನ ಶ್ವಾಸಕೋಶ. ಮರಳಿನ ಕಣ ಉಕ್ಕಿಗೆ ಬಡಿದು ಪುಡಿಯಾದಾಗ ಕಣ್ಣಿಗೆ ಕಾಣದ ಸಿಲಿಕಾ ಧೂಳು ಏಳುತ್ತದೆ. ಅದು ಶ್ವಾಸಕೋಶದ ಆಳಕ್ಕಿಳಿದು ಗಂಟುಕಟ್ಟುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ಒಮ್ಮೆ ಬಂದರೆ ಹಿಂದಿರುಗುವ ದಾರಿಯಿಲ್ಲ, ಕ್ಷಯ ತಗಲುವ ಅಪಾಯವೂ ಹೆಚ್ಚುತ್ತದೆ. ಬ್ರಿಟನ್ 1949ರ ನಿಯಮದ ಮೂಲಕ ಬ್ಲಾಸ್ಟಿಂಗಿಗೆ ಮರಳು ಬಳಸುವುದನ್ನು ನಿಷೇಧಿಸಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯ ಮೂರನೇ ಅನುಸೂಚಿಯಲ್ಲೇ ಸಿಲಿಕೋಸಿಸ್ ಸೇರಿಸಲಾಯಿತು. ಅಂದರೆ ರೋಗ ಕಂಡ ವೈದ್ಯರು ಅದನ್ನು ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು. ಹೀಗಿದ್ದೂ ಮೂಗಿಗೆ ಬೈರಾಸು ಸುತ್ತಿಕೊಂಡು ಮರಳು ಹೊಡೆಯುವ ಹುಡುಗರು ಇಂದಿಗೂ ಕಾಣಸಿಗುತ್ತಾರೆ. ಬೈರಾಸು ಆ ಧೂಳನ್ನು ತಡೆಯುವುದಿಲ್ಲ. ಹೊರಗಿನಿಂದ ಶೋಧಿಸಿದ ಗಾಳಿ ಬರುವ ಹೆಲ್ಮೆಟ್ಟೇ ಬೇಕು, ಮತ್ತು ಆ ಗಾಳಿ ಎಳೆಯುವ ಕಂಪ್ರೆಸರಿನ ಬಾಯಿ ಡೀಸೆಲ್ ಹೊಗೆಯಿಂದ ದೂರವಿರಬೇಕು. ಹೆಸರು ಮಾತ್ರ ಇನ್ನೂ 'ಸ್ಯಾಂಡ್ ಬ್ಲಾಸ್ಟಿಂಗ್' ಎಂದೇ ಉಳಿದಿದೆ. ಟೆಂಡರಿನಲ್ಲಿ ಹಾಗೆ ಬರೆದರೆ ಮರಳನ್ನೇ ತರಲು ದಾರಿ ಬಿಟ್ಟಂತೆ.

ಕರಾವಳಿಯಲ್ಲಿ ಮರಳಿಗೆ ಇನ್ನೊಂದು ಕೇಡೂ ಇದೆ. ಅಳಿವೆಯ ಮರಳಿನಲ್ಲಿ, ದಂಡೆಯ ಮರಳಿನಲ್ಲಿ ಉಪ್ಪಿರುತ್ತದೆ. ತುಕ್ಕು ತೆಗೆಯಲೆಂದು ಅದನ್ನು ಹೊಡೆದರೆ ಉಪ್ಪನ್ನು ಉಕ್ಕಿನ ಕುಳಿಗಳೊಳಗೆ ನಾವೇ ಕೂರಿಸಿದಂತಾಗುತ್ತದೆ.

ಗುಂಡು, ಚಕ್ರ, ಗರಸು

ಮರಳಿನ ಬದಲು ಲೋಹದ ಗುಂಡು ಬಳಸಿದರೆ ಧೂಳು ಕಡಿಮೆ, ಗುಂಡನ್ನು ನೂರಾರು ಸಲ ಮರಳಿ ಬಳಸಬಹುದು. ಆದರೆ ಗಾಳಿಯಲ್ಲಿ ಚಿಮ್ಮಿಸಲು ಶಕ್ತಿ ಬಹಳ ಬೇಕು. 1930ರ ದಶಕದಲ್ಲಿ ಅಮೆರಿಕದ ಎರಕದ ಕಾರ್ಖಾನೆಗಳಿಗೆ ಬಂದ ಚಕ್ರದ ಯಂತ್ರ ಇದನ್ನು ಬಗೆಹರಿಸಿತು. ಅಲಗುಗಳಿರುವ ಚಕ್ರದ ನಡುವೆ ಗುಂಡು ಸುರಿಯುತ್ತದೆ. ಚಕ್ರ ಅದನ್ನು ಸೆಕೆಂಡಿಗೆ 70–80 ಮೀಟರ್ ವೇಗದಲ್ಲಿ ಎಸೆಯುತ್ತದೆ. ಕಂಪ್ರೆಸರ್ ಬೇಕಿಲ್ಲ. ಈಗ ಕಾರ್ಖಾನೆಯ ಶಾಟ್ ಬ್ಲಾಸ್ಟಿಂಗ್ ಎಂದರೆ ಇದೇ: ತೊಲೆ, ತಗಡು, ಪೈಪು ಒಂದು ಬಾಯಿಂದ ಒಳಹೋಗಿ ಇನ್ನೊಂದು ಬಾಯಿಂದ ಬೆಳ್ಳಗೆ ಹೊರಬರುತ್ತವೆ.

ಆದರೆ ಈ ಯಂತ್ರವನ್ನೂ ನೋಡಿಕೊಳ್ಳಬೇಕು. ಎಸ್-330 ಎಂಬ ಗುಂಡಿನ ಗಾತ್ರ ಸುಮಾರು 0.84 ಮಿ.ಮೀ. ಬಳಸುತ್ತ ಬಳಸುತ್ತ ಅದು ಸವೆದು ಸಣ್ಣದಾಗುತ್ತದೆ. ಯಂತ್ರದಲ್ಲಿ ದೊಡ್ಡದು, ನಡುವಿನದು, ಸಣ್ಣದು ಎಲ್ಲ ಬೆರೆತಿದ್ದರೇ ಕೆಲಸ ಚೆನ್ನ: ದೊಡ್ಡದು ಚಕ್ಕೆ ಒಡೆಯುತ್ತದೆ, ಸಣ್ಣದು ಸಂದು ಬಿಡದೆ ತೊಳೆಯುತ್ತದೆ. ಗುಂಡು ಮುಗಿಯುವವರೆಗೆ ಕಾದು ಒಮ್ಮೆಲೇ ಹೊಸ ಚೀಲಗಳನ್ನು ಸುರಿದರೆ ಈ ಹದ ಕೆಡುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಸೇರಿಸಬೇಕು. ಎಣ್ಣೆ ಮೆತ್ತಿದ ಉಕ್ಕನ್ನು ಒರೆಸದೆ ಯಂತ್ರಕ್ಕೆ ಬಿಟ್ಟರೆ ಗುಂಡಿಗೆಲ್ಲ ಎಣ್ಣೆ ಹತ್ತಿ ಮುಂದೆ ಬರುವ ಶುದ್ಧ ಉಕ್ಕಿಗೂ ಅಂಟುತ್ತದೆ. ಬಾಟಲಿಯಲ್ಲಿ ಒಂದು ಹಿಡಿ ಗುಂಡು, ಶುದ್ಧ ನೀರು ಹಾಕಿ ಅಲುಗಿಸಿ ಬಿಟ್ಟರೆ ಸಾಕು: ನೀರಿನ ಮೇಲೆ ಕಾಮನಬಿಲ್ಲಿನ ಪದರ ತೇಲಿದರೆ ಗುಂಡು ಕೆಟ್ಟಿದೆ.

ದುಂಡಗಿನ ಗುಂಡು ಉಕ್ಕನ್ನು ಬಡಿದು ತಗ್ಗು ಮಾಡುತ್ತದೆ, ಗ್ರಿಟ್ ಎಂಬ ಮೂಲೆಯಿರುವ ಲೋಹದ ಚೂರು ಕೆತ್ತುತ್ತದೆ. ದಪ್ಪ ಎಪಾಕ್ಸಿ ಹಿಡಿದು ನಿಲ್ಲಲು ಕೆತ್ತಿದ ಮೈಯೇ ಮೇಲು. ಸಾಮಾನ್ಯವಾಗಿ ಕೇಳುವುದು 50ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಆಳ. ಅಳೆಯಲು ಮೈಯ ಅಚ್ಚು ತೆಗೆಯುವ ರೆಪ್ಲಿಕಾ ಟೇಪ್ ಒತ್ತಿ ಉಜ್ಜಿ, ದಪ್ಪ ಅಳೆದು, ಅದರ ಹಿಂಬದಿಯ ಹಾಳೆಯ 50 ಮೈಕ್ರಾನ್ ಕಳೆಯಬೇಕು. ಈ ಕಳೆಯುವುದನ್ನು ಮರೆತು 110 ಮೈಕ್ರಾನ್ ಎಂದು ಬರೆದ ವರದಿಗಳು ಇರುತ್ತವೆ. ನಿಜವಾದ ಆಳ 60. ಗರಸು ಹೆಚ್ಚಾದರೂ ಕೆಡುಕೇ. 100 ಮೈಕ್ರಾನಿನ ಶಿಖರಗಳ ಮೇಲೆ 60 ಮೈಕ್ರಾನಿನ ಪ್ರೈಮರ್ ಮಾತ್ರ ಬಳಿದು ಬಿಟ್ಟರೆ ಶಿಖರಗಳ ತುದಿ ಹೊರಗುಳಿದು, ವಾರ ಕಳೆಯುವುದರೊಳಗೆ ಸೂಜಿಮೊನೆಯಷ್ಟು ತುಕ್ಕಿನ ಚುಕ್ಕೆಗಳು ಮೈತುಂಬ ಏಳುತ್ತವೆ.

ನಿಂತಲ್ಲೇ ಇರುವ ಟ್ಯಾಂಕು, ಸೇತುವೆ, ಅಣೆಕಟ್ಟಿನ ಗೇಟುಗಳಿಗೆ ಚಕ್ರದ ಯಂತ್ರ ಬರುವುದಿಲ್ಲ. ಅಲ್ಲಿ ಈಗಲೂ ಗಾಳಿಯ ನಾಝಲ್ಲೇ; ಮರಳಿನ ಬದಲು ಗಾರ್ನೆಟ್ ಎಂಬ ಖನಿಜದ ಪುಡಿ ಅಥವಾ ತಾಮ್ರ ಕರಗಿಸಿ ಉಳಿದ ಕಿಟ್ಟವಾದ ಕಾಪರ್ ಸ್ಲ್ಯಾಗ್. 9.5 ಮಿ.ಮೀ. ನಾಝಲ್ಲಿಗೆ 100 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಸುಮಾರು 200 ಸಿಎಫ್ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಬೇಕು. ನಾಝಲ್ ಸವೆದು 11 ಮಿ.ಮೀ. ಆದರೆ 250ಕ್ಕೂ ಹೆಚ್ಚು ಬೇಡುತ್ತದೆ. ಕಂಪ್ರೆಸರ್ ಕೊಡಲಾರದೆ ಒತ್ತಡ ಇಳಿಯುತ್ತದೆ. ಒಂದು ಪಿಎಸ್ಐ ಇಳಿದರೆ ಕೆಲಸ ಶೇ 1.5ರಷ್ಟು ಇಳಿಯುತ್ತದೆಂಬುದು ಕಸುಬಿನ ಲೆಕ್ಕ. ಕಂಪ್ರೆಸರಿನ ಗೇಜು ನೋಡಿ ಪ್ರಯೋಜನವಿಲ್ಲ. ನಾಝಲ್ಲಿನ ಹಿಂದೆಯೇ ಹೋಸಿಗೆ ಸೂಜಿ ಗೇಜು ಚುಚ್ಚಿ ನೋಡಬೇಕು.

ಕಣ್ಣಿಗೆ ಬೀಳದ್ದು

'ಚೆನ್ನಾಗಿ ಸ್ವಚ್ಛ ಮಾಡಿ' ಎಂದರೆ ಎಷ್ಟು? ಗುತ್ತಿಗೆದಾರನಿಗೂ ಇಂಜಿನಿಯರಿಗೂ ಇದ್ದ ಈ ಹಳೆಯ ಜಗಳಕ್ಕೆ ಸ್ವೀಡನ್ 1960ರ ದಶಕದಲ್ಲಿ ಫೋಟೊಗಳಿಂದ ಉತ್ತರ ಕೊಟ್ಟಿತು. ಎಸ್ಐಎಸ್ 05 59 00 ಎಂಬ ಆ ಮಾನಕದಲ್ಲಿ ಎಯಿಂದ ಡಿವರೆಗೆ ತುಕ್ಕಿನ ನಾಲ್ಕು ಹಂತಗಳ ಚಿತ್ರಗಳಿದ್ದವು. ಪ್ರತಿಯೊಂದನ್ನೂ ಬ್ಲಾಸ್ಟ್ ಮಾಡಿದ ಮೇಲೆ ಹೇಗೆ ಕಾಣಬೇಕೆಂದೂ ಚಿತ್ರಗಳು. ಎಸ್ಎ 2½ ಎಂಬ ಮಾತು ಅಲ್ಲಿಂದ ಬಂದು, 1988ರಲ್ಲಿ ಐಎಸ್ಒ 8501-1 ಎಂಬ ಅಂತರರಾಷ್ಟ್ರೀಯ ಮಾನಕವಾಗಿ ಜಗತ್ತಿಗೆಲ್ಲ ಹರಡಿತು. ಎಸ್ಎ 2½ ಎಂದರೆ ಚಕ್ಕೆ, ತುಕ್ಕು, ಹಳೆಯ ಬಣ್ಣ ಹೋಗಿ, ಉಳಿದರೆ ಚುಕ್ಕೆ ಅಥವಾ ಗೆರೆಯಂಥ ನಸು ಕಲೆ ಮಾತ್ರ.

ಆದರೆ ಫೋಟೊದಲ್ಲಿ ಉಪ್ಪು ಕಾಣುವುದಿಲ್ಲ. ಎಸ್ಎ 2½ ಎಂದು ಸಹಿ ಬಿದ್ದ ಬೆಳ್ಳನೆಯ ಉಕ್ಕಿನ ಕುಳಿಗಳ ತಳದಲ್ಲಿ ಉಪ್ಪು ಇದ್ದೇ ಇರಬಹುದು. ಒಣ ಬ್ಲಾಸ್ಟಿಂಗ್ ಅದನ್ನು ಪೂರ್ತಿ ತೆಗೆಯುವುದಿಲ್ಲ. ಅಳೆಯಲು ಉಪ್ಪನ್ನು ಉಕ್ಕಿನಿಂದ ನೀರಿಗೆ ಎತ್ತಿಕೊಳ್ಳುವ ಬ್ರೆಸ್ಲೆ ವಿಧಾನ ಮಾನಕವಾಗಿ ಬಂದದ್ದು 1995ರಲ್ಲಿ, ಐಎಸ್ಒ 8502-6ರಲ್ಲಿ. ಬ್ರೆಸ್ಲೆ ಪಟ್ಟಿ ಎಂಬ 1250 ಚದರ ಮಿ.ಮೀ. ಕಿಟಕಿಯ ಅಂಟುಪಟ್ಟಿಯನ್ನು ಉಕ್ಕಿಗೆ ಒತ್ತಿ, ಸಿರಿಂಜಿನಿಂದ ಶುದ್ಧ ನೀರು ಒಳಹಾಕಿ, ಹಿಂದೆ ಮುಂದೆ ಎಳೆದಾಡಿ, ಆ ನೀರಿನ ವಿದ್ಯುದ್ವಾಹಕತೆ ಅಳೆಯುವುದು. ಹಡಗಿನ ಸಮತೋಲಕ್ಕೆ ಕಡಲನೀರು ತುಂಬುವ ಬ್ಯಾಲಸ್ಟ್ ಟ್ಯಾಂಕುಗಳಿಗೆ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಮಿತಿ ಹಾಕಿತು: ಚದರ ಮೀಟರಿಗೆ 50 ಮಿಲಿಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಉಪ್ಪು 20 ಚದರ ಮೀಟರ್ ಉಕ್ಕನ್ನು ಆ ಮಿತಿಗೆ ಮುಟ್ಟಿಸುತ್ತದೆ.

ಅಳತೆಯ ಪಟ್ಟಿ ಕೈಗೆ ಸಿಗದ ಕಡೆ ಉಕ್ಕೇ ಹೇಳುತ್ತದೆ. ಸಂಜೆ ಬ್ಲಾಸ್ಟ್ ಮಾಡಿ ಬಿಟ್ಟ ಹಳೆಯ ತಗಡನ್ನು ಬೆಳಿಗ್ಗೆ ನೋಡಿ. ಮೈಯೆಲ್ಲ ಸಮನಾಗಿ ಕಂದಿದ್ದರೆ ಅದು ಗಾಳಿಯ ತೇವ. ಕುಳಿಗಳಲ್ಲಿ ಮಾತ್ರ, ಕಾಡಿಗೆಯ ಬೊಟ್ಟಿಟ್ಟಂತೆ ಕಪ್ಪು ಚುಕ್ಕೆಗಳು ಎದ್ದಿದ್ದರೆ ಅಲ್ಲಿ ಉಪ್ಪಿದೆ. ಅದರ ಮೇಲೆ ಇನ್ನೊಮ್ಮೆ ಒಣ ಬ್ಲಾಸ್ಟ್ ಮಾಡಿದರೆ ಕಲೆ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. 200 ಬಾರ್ ಆಸುಪಾಸಿನ ಒತ್ತಡದಲ್ಲಿ ಸಿಹಿನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಹಗುರವಾಗಿ ಬ್ಲಾಸ್ಟ್ ಮಾಡಬೇಕು. ಮತ್ತೆ ಚುಕ್ಕೆ ಎದ್ದರೆ ಮತ್ತೆ ತೊಳೆಯಬೇಕು. ತೊಳೆಯುವ ನೀರನ್ನೂ ಅಳೆಯಿರಿ. ಅಳಿವೆಗೆ ಹತ್ತಿರದ ಬಾವಿ, ಬೋರುಗಳಲ್ಲಿ ಬೇಸಿಗೆಯಲ್ಲಿ ಉಪ್ಪೇರುತ್ತದೆ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಶಿರಸಿಯ ಶೆಡ್ಡಿಗೆ ಸಾಲುವ ಬಣ್ಣ ಕುಮಟೆಯ ಶೆಡ್ಡಿಗೆ ಸಾಲುವುದಿಲ್ಲ. 1998ರಲ್ಲಿ ಬಂದ ಐಎಸ್ಒ 12944 ಪರಿಸರವನ್ನು ತುಕ್ಕಿನ ತೀವ್ರತೆಗೆ ತಕ್ಕಂತೆ ವಿಂಗಡಿಸುತ್ತದೆ. ಕಡಲಂಚು ಅದರಲ್ಲಿ ಸಿ5ರ, ಅಂದರೆ ಬಹಳ ತೀವ್ರ ತುಕ್ಕಿನ ವರ್ಗದ, ಕಡೆಗೆ ಬೀಳುತ್ತದೆ. ಘಟ್ಟದ ಮೇಲೆ ತೇವ ಬಹಳ, ಉಪ್ಪು ಕಡಿಮೆ. ಹುಬ್ಬಳ್ಳಿಯಲ್ಲಿ ಚಕ್ರದ ಯಂತ್ರಕ್ಕೆ ಕೊಟ್ಟು, ಅಲ್ಲೇ ಪ್ರೈಮರ್ ಮತ್ತು ನಡುವಿನ ಕೋಟು ಮುಗಿಸಿ ಅರಬೈಲ್ ಘಟ್ಟ ಇಳಿಸುವುದು ಕರಾವಳಿಯ ಹೊಸ ಕಟ್ಟಡಕ್ಕೆ ಒಳ್ಳೆಯ ದಾರಿ. ಇಳಿಸಿದ ಮೇಲೆ ತಿಂಗಳುಗಟ್ಟಲೆ ಬಯಲಲ್ಲಿ ಬಿಟ್ಟರೆ ಉಪ್ಪು ಕೂರುತ್ತದೆ, ಎಪಾಕ್ಸಿಯ ಮೇಲೆ ಮುಂದಿನ ಕೋಟು ಬಳಿಯುವ ಗಡುವೂ ಮೀರುತ್ತದೆ. ಆಗ ತೊಳೆದು, ಗರಸು ಮಾಡಿಯೇ ಮುಂದಿನ ಕೋಟು. ಮಳೆ ಬಂದು ತೊಳೆಯುವ ಮೇಲ್ಮೈಗಿಂತ ಮಳೆ ತಾಗದ ತೊಲೆಯ ಅಡಿಭಾಗದಲ್ಲಿ ಉಪ್ಪು ಹೆಚ್ಚು. ಕೆಡುವುದು ಮೊದಲು ಅದೇ. ಪಟ್ಟಿ ಹಚ್ಚಿ ಅಳೆಯುವವರು ಅಲ್ಲಿಗೆ ಕೈಹಾಕಬೇಕು.

ಹವೆಯ ನಿಯಮ ಹೀಗಿದೆ: ತೇವಾಂಶ ಶೇ 85ಕ್ಕಿಂತ ಕೆಳಗಿರಬೇಕು, ಉಕ್ಕಿನ ಶಾಖ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಶಾಖ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಬೆಳಗಿನ ಜಾವ ಗಾಳಿ 26 ಡಿಗ್ರಿ, ತೇವಾಂಶ ಶೇ 95 ಇದ್ದರೆ ಇಬ್ಬನಿ ಬಿಂದು 25ರ ಮೇಲೆಯೇ. ಉಕ್ಕೂ 26ರಲ್ಲೇ ಇದ್ದರೆ ಒಂದು ಡಿಗ್ರಿಯ ಅಂತರವೂ ಇಲ್ಲ. ಕಣ್ಣಿಗೆ ಕಾಣದ ನೀರಿನ ಪೊರೆ ಮೇಲಿರುತ್ತದೆ. ಬ್ಲಾಸ್ಟ್ ಮಾಡಿದ ನಾಲ್ಕು ತಾಸಿನೊಳಗೆ ಪ್ರೈಮರ್ ಎಂಬ ರೂಢಿಯನ್ನು ಇಲ್ಲಿ ಗರಿಷ್ಠ ಎಂದೇ ತಿಳಿಯಬೇಕು. ಎಷ್ಟು ಬಳಿಯಲಾಗುತ್ತದೋ ಅಷ್ಟೇ ಬ್ಲಾಸ್ಟ್ ಮಾಡಬೇಕು.

ಕಾರವಾರದ ಬಳಿಯ ಅರ್ಗಾದಲ್ಲಿ 2005ರಲ್ಲಿ ನೌಕಾಪಡೆಗೆ ಸೇರಿದ ಐಎನ್ಎಸ್ ಕದಂಬ ನೆಲೆಗೆ 10,000 ಟನ್ ಹಡಗನ್ನು ನೀರಿನಿಂದ ಎತ್ತಿ ನೆಲಕ್ಕೆ ತರುವ ಶಿಪ್ ಲಿಫ್ಟ್ ಇದೆ. ಬೈತಖೋಲ, ತದಡಿ, ಹೊನ್ನಾವರದ ಬೋಟುಗಳಿಗೆ ಆ ಅನುಕೂಲವಿಲ್ಲ. ಅವು ಬಿಡುವಾಗಿ ದಡ ಸೇರುವುದು ಮೀನುಗಾರಿಕೆ ನಿಷೇಧದ 61 ದಿನ, ಜೂನ್ 1ರಿಂದ ಜುಲೈ 31ರವರೆಗೆ. ವರ್ಷದಲ್ಲಿ ಬಣ್ಣಕ್ಕೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ. ಉಕ್ಕಿನ ಒಡಲಿನ ಬೋಟಿಗೆ ದೊಡ್ಡ ಕೆಲಸವಿದ್ದರೆ ಮೇ ತಿಂಗಳ ಎರಡು ವಾರದ ದುಡಿಮೆ ಬಿಟ್ಟು ಮೊದಲೇ ಎಳೆಯುವುದು ಲಾಭ. ಆಗದಿದ್ದರೆ ಒಡಲಿಗೆ ಟಾರ್ಪಾಲು ಚಪ್ಪರ ಕಟ್ಟಿ, ಒಳಗಿನ ತೇವ ಹೀರುವ ಯಂತ್ರ ಇಟ್ಟು, ಭಾಗ ಭಾಗವಾಗಿ ಮುಗಿಸಬೇಕು. ಅದೂ ಕೈಗೂಡದಿದ್ದರೆ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಯಂತ್ರದ ಬ್ರಷ್ಷಿನಿಂದ ಉಜ್ಜಿ, ಅಂಥ ಮೈಗೇ ಮಾಡಿದ ಎಪಾಕ್ಸಿ ಬಳಿಯಿರಿ. ಮಳೆಯಲ್ಲಿ ಮಾಡಿದ ಹೆಸರಿಗಷ್ಟೇ ಎಸ್ಎ 2½ಕ್ಕಿಂತ ಅದು ಹೆಚ್ಚು ಬಾಳುತ್ತದೆ. ಕೆದಕಿದ ಹಳೆಯ ಬಣ್ಣ ಅಳಿವೆಗೆ ಬೀಳದಂತೆ ಕೆಳಗೆ ಹಾಳೆ ಹಾಸಲೇಬೇಕು. ಪಾಚಿ, ಚಿಪ್ಪು ಕೂರದಿರಲೆಂದು ಬಳಿಯುವ ತಳಬಣ್ಣದಲ್ಲಿ ತಾಮ್ರದ ವಿಷವಿರುತ್ತದೆ, ಮತ್ತು ಅದೇ ಅಳಿವೆಯ ಕೆಸರಿನಲ್ಲಿ ಹೆಂಗಸರು ತಿನ್ನುವ ಚಿಪ್ಪುಮೀನಾದ ಬಳಚು ಆರಿಸುತ್ತಾರೆ.

ಬೋಟು ಕೂತ ಮರದ ದಿಮ್ಮಿಗಳ ಅಡಿಯ ಜಾಗಕ್ಕೆ ನಾಝಲ್ಲೂ ಹೋಗುವುದಿಲ್ಲ, ಬ್ರಷ್ಷೂ ಹೋಗುವುದಿಲ್ಲ. ತಳದಲ್ಲಿ ಮೊದಲು ತೂತು ಬೀಳುವ ಜಾಗಗಳಲ್ಲಿ ಅವೂ ಸೇರಿವೆ. ಈ ವರ್ಷ ದಿಮ್ಮಿ ಎಲ್ಲಿತ್ತೆಂದು ಒಡಲಿನ ಮೇಲೆ ಗುರುತು ಹಾಕಿ, ಮುಂದಿನ ವರ್ಷ ಎಳೆಯುವಾಗ ದಿಮ್ಮಿಗಳನ್ನು ಅರ್ಧ ಮೀಟರ್ ಸರಿಸಿ ಇಡಬೇಕು. ಆಗ ಈ ವರ್ಷ ಮುಚ್ಚಿಹೋದ ಜಾಗ ಮುಂದಿನ ವರ್ಷ ತೆರೆದು ಸಿಗುತ್ತದೆ.