ಕಾಶಿಯವರೆಗೂ ಹುಳಿ ಗಟ್ಟಿಯಾಗಿ ಉಳಿದೀತೇ?

ಪ್ರಶ್ನೆ: ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಿಂದ ಕಾಶಿಗೆ ನಮ್ಮ ಕಾರಿನಲ್ಲೇ ಹೊರಟಿದ್ದೇವೆ. ಜೊತೆಗೆ ಅತ್ತೆ, ಮಾವ ಇರುತ್ತಾರೆ. ಮಾವನವರಿಗೆ ಹೋಟೆಲ್ ಊಟ ಒಗ್ಗುವುದಿಲ್ಲ. ಹುಳಿ, ಪಲ್ಯ, ಚಪಾತಿ ಎಲ್ಲವನ್ನೂ ಮಾಡಿ ಕಾರ್ ಫ್ರಿಜ್‌ನಲ್ಲಿ ಫ್ರೀಜ್ ಮಾಡಿಕೊಂಡು ಹೋದರೆ ನಾಲ್ಕು ದಿನ ಉಳಿಯುತ್ತದೆಯೇ? ರಾತ್ರಿ ಕಾರು ನಿಂತಾಗ ಬ್ಯಾಟರಿ ಇಳಿದುಹೋದರೆ ಏನು ಮಾಡುವುದು?

ಉತ್ತರ: ಉಳಿಯುತ್ತದೆ. ಆದರೆ ಕಾರ್ ಫ್ರಿಜ್‌ನಲ್ಲೇ ಫ್ರೀಜ್ ಮಾಡುವ ಯೋಚನೆಯನ್ನು ಮೊದಲು ಕೈಬಿಡಿ. ಹುಳಿಯನ್ನು ಗಟ್ಟಿ ಮಾಡುವುದು ಮನೆಯ ಫ್ರೀಜರಿನ ಕೆಲಸ. ಗಟ್ಟಿಯಾದದ್ದನ್ನು ಕಾಯ್ದುಕೊಳ್ಳುವುದಷ್ಟೇ ಕಾರಿನ ಪೆಟ್ಟಿಗೆಯ ಕೆಲಸ.

ಯಾಕೆಂದರೆ ಹೈಸ್ಕೂಲಿನಲ್ಲಿ ಓದಿದ ಗುಪ್ತೋಷ್ಣದ ಪಾಠ ನೆನಪಿಸಿಕೊಳ್ಳಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು. ನೀರು ಹೆಪ್ಪುಗಟ್ಟಬೇಕಾದರೂ ಅಷ್ಟೇ ಶಾಖವನ್ನು ಅದರಿಂದ ಹೊರಗೆಳೆಯಬೇಕು. 30 ಡಿಗ್ರಿಯಲ್ಲಿರುವ ಹುಳಿಯನ್ನು ಸೊನ್ನೆಗೆ ಇಳಿಸಲು ಗ್ರಾಂಗೆ ಸುಮಾರು 30, ಹೆಪ್ಪುಗಟ್ಟಿಸಲು 80, ಅಲ್ಲಿಂದ ಮೈನಸ್ 18ಕ್ಕೆ ಒಯ್ಯಲು ಇನ್ನೊಂದು 9 ಕ್ಯಾಲೊರಿ. ಹುಳಿಯೆಂದರೆ ಬಹುಪಾಲು ನೀರೇ ಆದ್ದರಿಂದ ಈ ಲೆಕ್ಕ ತೀರಾ ತಪ್ಪುವುದಿಲ್ಲ. ಐದು ಕಿಲೋ ಅಡುಗೆಗೆ ಒಟ್ಟು ಸುಮಾರು ಆರು ಲಕ್ಷ ಕ್ಯಾಲೊರಿ, ಕರೆಂಟಿನ ಅಳತೆಯಲ್ಲಿ ಹೇಳಿದರೆ ಹತ್ತಿರಹತ್ತಿರ 700 ವ್ಯಾಟ್-ಅವರ್ ಶಾಖ. ಕಾರಿನ ಫ್ರಿಜ್‌ನ ಕಂಪ್ರೆಸರ್ 45–60 ವ್ಯಾಟಿನದು. ಅಷ್ಟು ತಣ್ಣಗಿನ ಮಟ್ಟದಲ್ಲಿ ಅದು ತಾನು ತಿಂದ ಕರೆಂಟಿನಷ್ಟೇ ಶಾಖವನ್ನು ಹೊರಹಾಕುತ್ತದೆ ಎಂದುಕೊಂಡರೂ ಹನ್ನೆರಡರಿಂದ ಹದಿನೈದು ಗಂಟೆ ಬಿಡುವಿಲ್ಲದೆ ಓಡಬೇಕು. ಅಷ್ಟು ಹೊತ್ತಿನಲ್ಲಿ ಹೊರಗಿನ ಬಿಸಿ ಪೆಟ್ಟಿಗೆಯೊಳಗೆ ಇಳಿಯುತ್ತಲೇ ಇರುತ್ತದೆ. ನಾಗಪುರದ ಏಪ್ರಿಲ್ ಬಿಸಿಲಿನಲ್ಲಿ ಇದು ಗೆಲ್ಲುವ ಆಟವಲ್ಲ. ಮಲ್ಪೆಯಲ್ಲಿ ಹಸಿ ಅಂಜಲ್ ಕೊಂಡು ಬೆಂಗಳೂರು ಮುಟ್ಟುವಷ್ಟರಲ್ಲಿ ಇದರಲ್ಲೇ ಗಟ್ಟಿ ಮಾಡಿಬಿಡೋಣ ಎನ್ನುವವರಿಗೂ ಇದೇ ಉತ್ತರ. ಒಂದು ದಿನದ ದಾರಿಗೆ ಪುಡಿ ಐಸಿನಲ್ಲಿ ಹೂತಿಟ್ಟ ಮೀನೇ ಚೆನ್ನಾಗಿರುತ್ತದೆ.

ಕೊಳ್ಳುವಾಗ ಒಂದೇ ಒಂದು ವಿಷಯ ನೋಡಿ: ಒಳಗೆ ಕಂಪ್ರೆಸರ್ ಇದೆಯೇ? ಆನ್‌ಲೈನಿನಲ್ಲಿ ‘ಕಾರ್ ಫ್ರಿಜ್’ ಎಂದು ಹುಡುಕಿದರೆ ಮೊದಲು ಬರುವ ಅಗ್ಗದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಪೆಲ್ಟಿಯರ್ ತಂತ್ರದವು. ಎರಡು ಬೇರೆ ಲೋಹಗಳ ಬೆಸುಗೆಯಲ್ಲಿ ಕರೆಂಟ್ ಹರಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುತ್ತದೆ ಎಂದು ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ. ಚೆಂದದ ವಿದ್ಯೆ, ಸದ್ದೂ ಕಡಿಮೆ. ಆದರೆ ಈ ಪೆಟ್ಟಿಗೆಗಳು ಸುತ್ತಲಿನ ಬಿಸಿಗಿಂತ 15–20 ಡಿಗ್ರಿ ಕೆಳಗಿಳಿದರೆ ಹೆಚ್ಚು. ಕಾರಿನೊಳಗೆ 42 ಇದ್ದರೆ ಪೆಟ್ಟಿಗೆಯೊಳಗೆ 22 ಡಿಗ್ರಿ ಇರುತ್ತದೆ, ಅಂದರೆ ಹುಳಿ ಹಳಸಲು ಹೇಳಿಮಾಡಿಸಿದ ಜಾಗ. ಕಂಪ್ರೆಸರ್ ಇರುವವು ಇದರ ಹಲವು ಪಟ್ಟು ಬೆಲೆಯವು. ಬೆಲೆ ಜಾಸ್ತಿಯೆನಿಸಿದರೆ ದಪ್ಪ ಗೋಡೆಯ ಐಸ್‌ಬಾಕ್ಸ್ ತೆಗೆದುಕೊಳ್ಳಿ, ಪೆಲ್ಟಿಯರ್ ಮಾತ್ರ ಬೇಡ. ಡ್ರೈ ಐಸ್ ಕೂಡ ಬೇಡ. ಗಾಜು ಏರಿಸಿ ಎಸಿ ಹಾಕಿದ ಕಾರಿನಲ್ಲಿ ಅದು ಬಿಡುವ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಒಳಗಿದ್ದವರ ಪ್ರಾಣಕ್ಕೇ ಕುತ್ತು.

ಈಗ ಬ್ಯಾಟರಿಗೆ ಬರೋಣ. ಇಂಜಿನ್ ಓಡುವಾಗ ಚಿಂತೆಯಿಲ್ಲ, ನಾಲ್ಕೈದು ಆಂಪಿಯರ್ ಎಂಬುದು ಇಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರಿಗೆ ಲೆಕ್ಕಕ್ಕೇ ಬಾರದು. ತೊಂದರೆ ನಿಂತಾಗ. ರಾತ್ರಿ ಕಂಪ್ರೆಸರ್ ಆಗಾಗ ನಿಂತು ಓಡಿ ಸರಾಸರಿ 27 ವ್ಯಾಟ್ ಎಳೆಯಿತೆನ್ನಿ. 12 ವೋಲ್ಟಿನಲ್ಲಿ ಅದು ಎರಡೂಕಾಲು ಆಂಪಿಯರ್, ಹತ್ತು ಗಂಟೆಗೆ 22 ಎಎಚ್ (ಆಂಪಿಯರ್-ಅವರ್). ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಎಎಚ್ ಆಸುಪಾಸಿನದು. ಅದೂ ಇಂಜಿನ್ ಎಬ್ಬಿಸಲು ಒಂದೆರಡು ಕ್ಷಣ ಜೋರಾಗಿ ಕರೆಂಟ್ ಕೊಡಲೆಂದು ಮಾಡಿದ್ದು. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೆಳಿಗ್ಗೆ ಕಾರು ಏಳುವುದೂ ಅನುಮಾನ, ಬ್ಯಾಟರಿಯ ಆಯಸ್ಸೂ ಕಡಿಮೆಯಾಗುತ್ತದೆ. ದೊಡ್ಡ ಡೀಸೆಲ್ ಗಾಡಿಯ ಬ್ಯಾಟರಿ ಒಂದು ರಾತ್ರಿ ತಡೆದೀತು, ಹಳೆಯದಾಗಿದ್ದರೆ ಅದನ್ನೂ ನಂಬಬೇಡಿ.

ಇದಕ್ಕೆಂದೇ ಒಳ್ಳೆಯ ಫ್ರಿಜ್‌ಗಳಲ್ಲಿ ಹೈ, ಮೀಡಿಯಂ, ಲೋ ಎಂಬ ಕಾವಲು ಇರುತ್ತದೆ. ಬ್ಯಾಟರಿಯ ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಫ್ರಿಜ್ ತಾನೇ ನಿಲ್ಲುತ್ತದೆ. ಕಾರಿನ ಬ್ಯಾಟರಿಗೆ ಸಿಕ್ಕಿಸಿದಾಗ ಯಾವಾಗಲೂ ಹೈ ಇರಲಿ. ‘ಲೋ ಇಟ್ಟರೆ ಹೆಚ್ಚು ಹೊತ್ತು ಓಡುತ್ತದೆ’ ಎನ್ನುವ ಸಲಹೆ ನಿಜ, ಓಡುವುದು ಫ್ರಿಜ್, ಕಾರಲ್ಲ. ಲೋ ಇಡಬೇಕಾದ್ದು ಬೇರೆಯೇ ಬ್ಯಾಟರಿಯಿಂದ ಓಡಿಸುವಾಗ. ಇನ್ನೊಂದು ಕಿರಿಕಿರಿ: ಡ್ಯಾಶ್‌ಬೋರ್ಡಿನ ಸಾಕೆಟ್ಟಿನ ತೆಳು ವೈರಿನಲ್ಲೇ ಒಂದಷ್ಟು ವೋಲ್ಟೇಜ್ ಸೋರಿಹೋಗುವುದರಿಂದ, ಬ್ಯಾಟರಿ ಚೆನ್ನಾಗಿದ್ದರೂ ಫ್ರಿಜ್ ಎರರ್ ತೋರಿಸಿ ನಿಲ್ಲುವುದುಂಟು. ಆ ಸಾಕೆಟ್ಟಿನ ಪ್ಲಗ್ಗೂ ಹಂಪ್ ಹಾರಿದಾಗ ಸಡಿಲವಾಗುವಂಥದ್ದು. ಹಿಂದೆ ಕೂತವರಲ್ಲಿ ಯಾರಾದರೊಬ್ಬರಿಗೆ ಫ್ರಿಜ್‌ನ ದೀಪ ನೋಡುವ ಕೆಲಸ ಒಪ್ಪಿಸಿ. ಮಾವನವರಿಗೇ ಒಪ್ಪಿಸಿದರೂ ಆದೀತು, ಊಟ ಅವರದ್ದೇ ತಾನೆ.

ನಿಮ್ಮ ದಾರಿ ಸುಮಾರು 1,800 ಕಿ.ಮೀ. ಹೈದರಾಬಾದ್, ನಾಗಪುರ, ಜಬಲ್ಪುರದಲ್ಲಿ ತಂಗುತ್ತೀರೆಂದು ಭಾವಿಸಿ ಹೇಳುತ್ತೇನೆ: ರಾತ್ರಿ ಪೆಟ್ಟಿಗೆಯನ್ನು ರೂಮಿಗೆ ಒಯ್ಯಿರಿ. ಅದರ ಜೊತೆ 230 ವೋಲ್ಟಿನ ಅಡಾಪ್ಟರ್ ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ತುಂಬಿದ ಪೆಟ್ಟಿಗೆ ಇಪ್ಪತ್ತು ಕಿಲೋ ದಾಟುವುದರಿಂದ ಲಿಫ್ಟ್ ಇರುವ ಅಥವಾ ನೆಲಮಹಡಿಯಲ್ಲಿ ರೂಮ್ ಕೊಡುವ ಹೋಟೆಲ್ ಹಿಡಿಯಿರಿ. ಕೀ ಕಾರ್ಡ್ ತೆಗೆದರೆ ಕರೆಂಟ್ ಹೋಗುವ ರೂಮುಗಳಲ್ಲಿ ಹೊರಗೆ ಹೋಗುವಾಗ ರಿಸೆಪ್ಷನ್ನಿನವರಿಗೆ ಒಂದು ಮಾತು ಹೇಳಬೇಕಾಗುತ್ತದೆ. ಹೊರುವುದು ಆಗದಿದ್ದರೆ 500 ವ್ಯಾಟ್-ಅವರ್‌ನ ಲಿಥಿಯಂ ಪವರ್ ಸ್ಟೇಷನ್ (ದೊಡ್ಡ ಪವರ್ ಬ್ಯಾಂಕಿನಂಥ ಬ್ಯಾಟರಿ ಪೆಟ್ಟಿಗೆ) ಒಂದು ರಾತ್ರಿಗೆ ಧಾರಾಳ. ಅದರ ಡಿಸಿ ಸಾಕೆಟ್ಟಿಗೇ ಫ್ರಿಜ್ ಸಿಕ್ಕಿಸಿ. ಇನ್ವರ್ಟರ್ ಸುತ್ತಿಬಂದರೆ ದಾರಿಯಲ್ಲೇ ಒಂದಿಷ್ಟು ಕರೆಂಟ್ ಪೋಲು.

ಎರಡೂ ಇಲ್ಲವೆನ್ನಿ. ಆಗ ಸುಮ್ಮನೆ ಆಫ್ ಮಾಡಿ ಮುಚ್ಚಳ ತೆರೆಯದೆ ಬಿಟ್ಟರೂ ಆಕಾಶವೇನೂ ಕಳಚಿ ಬೀಳುವುದಿಲ್ಲ, ಪೆಟ್ಟಿಗೆ ತುಂಬಿದ್ದರೆ. ಗುಪ್ತೋಷ್ಣ ಇಲ್ಲಿ ನಮ್ಮ ಪರ. ಹತ್ತು ಕಿಲೋ ಗಟ್ಟಿ ಆಹಾರ ಮೈನಸ್ 18ರಲ್ಲಿದ್ದು, ಗಂಟೆಗೆ 20 ವ್ಯಾಟ್-ಅವರ್‌ನಂತೆ ಬಿಸಿ ಒಳನುಗ್ಗಿದರೂ ಬೆಳಿಗ್ಗೆ ಹೊತ್ತಿಗೆ ಕರಗುವುದು ಕಿಲೋ ಒಂದೂವರೆ ಕಿಲೋ, ಅದೂ ಅಂಚಿನಲ್ಲಿ. ಅದೇ ಎರಡು ಕಿಲೋ ಇಟ್ಟು ಉಳಿದದ್ದು ಖಾಲಿ ಗಾಳಿಯಾಗಿದ್ದರೆ ಬೆಳಿಗ್ಗೆ ಸಿಗುವುದು ತಣ್ಣನೆಯ ಸಾರು. ಹಾಗಾಗಿ ಪೆಟ್ಟಿಗೆ ಖಾಲಿಯಾಗುತ್ತ ಬಂದಂತೆ ಜಾಗ ತುಂಬಲು ನೀರಿನ ಬಾಟಲಿಗಳನ್ನೂ ಮನೆಯಿಂದಲೇ ಹೆಪ್ಪುಗಟ್ಟಿಸಿ ಒಯ್ಯಿರಿ. ಬಾಟಲಿಯ ಕತ್ತಿನವರೆಗೆ ತುಂಬಬೇಡಿ, ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ.

ಮೈನಸ್ 18 ಎಂಬುದು ತಿಂಗಳುಗಟ್ಟಲೆ ಇಡುವ ಆಹಾರದ ಅಳತೆ. ನಾಲ್ಕು ದಿನಕ್ಕೆ ಹಗಲು ಮೈನಸ್ 12 ಇಟ್ಟರೂ ಅಡ್ಡಿಯಿಲ್ಲ, ಆ ಚಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಕಂಪ್ರೆಸರಿಗೂ ಉಸಿರಾಡಲು ಬಿಡುವು ಸಿಗುತ್ತದೆ. ರಾತ್ರಿ ಆಫ್ ಮಾಡುವುದಿದ್ದರೆ ಮಾತ್ರ ಸಂಜೆಯ ಡ್ರೈವಿನಲ್ಲಿ ಮೈನಸ್ 18ಕ್ಕೆ ಇಳಿಸಿಕೊಳ್ಳಿ. ಹೊರಡುವ ಹಿಂದಿನ ದಿನವೇ ಮನೆಯ ಕರೆಂಟಿನಲ್ಲಿ ಖಾಲಿ ಪೆಟ್ಟಿಗೆಯನ್ನು ತಣ್ಣಗೆ ಮಾಡಿ. ಕಾರಿನಲ್ಲಿ ಬಿಸಿಲು ನೇರ ಬೀಳದ ಕಡೆ ಬೆಲ್ಟ್ ಕಟ್ಟಿ ಕೂರಿಸಿ, ಗಾಳಿಕಿಂಡಿಗೆ ಬ್ಯಾಗ್ ಒರಗಿಸಬೇಡಿ. ಸೆಡಾನಿನ ಮುಚ್ಚಿದ ಡಿಕ್ಕಿ ಇದಕ್ಕೆ ಒಳ್ಳೆಯ ಜಾಗವಲ್ಲ, ಕಂಪ್ರೆಸರ್ ಬಿಟ್ಟ ಬಿಸಿ ಅಲ್ಲೇ ಸುತ್ತುತ್ತದೆ.

ಇನ್ನು ಅಡುಗೆ. ಹುಳಿ ಚೆನ್ನಾಗಿ ಹೆಪ್ಪುಗಟ್ಟುತ್ತದೆ, ಆದರೆ ಆಲೂಗಡ್ಡೆ ಹಾಕಬೇಡಿ, ಕರಗಿದ ಮೇಲೆ ಮರಳುಮರಳಾಗುತ್ತದೆ. ಹುರುಳಿಕಾಯಿ, ಕ್ಯಾರೆಟ್ ಪಲ್ಯ ಪರವಾಗಿಲ್ಲ. ಸೌತೆಕಾಯಿ ಹಾಕಿದ ಯಾವುದೂ ಬೇಡ. ಇಡ್ಲಿ, ಒಬ್ಬಟ್ಟು, ಅರೆಬೆಂದ ಚಪಾತಿ, ತುರಿದ ಕಾಯಿ ಇವೆಲ್ಲ ಸೊಗಸಾಗಿ ಉಳಿಯುತ್ತವೆ. ಮೊಸರು ಗಟ್ಟಿಯಾಗಿ ಕರಗಿದರೆ ಒಡೆದು ನೀರುನೀರಾಗುತ್ತದೆ. ಅನ್ನ ಒಯ್ಯಬೇಡಿ, ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಒಯ್ಯಿರಿ, ಅದರಲ್ಲೇ ಹುಳಿಯನ್ನೂ ಕುದಿಸಬಹುದು. ಹುಳಿಯನ್ನು ಡಬ್ಬಿಯಲ್ಲಿಡದೆ ಜಿಪ್ ಕವರಿನಲ್ಲಿ ಒಂದೊಂದು ಹೊತ್ತಿನಷ್ಟು ತುಂಬಿ, ಎರಡು ಬೆರಳು ದಪ್ಪಕ್ಕೆ ಹಲಗೆಯಂತೆ ಮಲಗಿಸಿ ಫ್ರೀಜ್ ಮಾಡಿ. ನಿಲ್ಲಿಸಿ ಜೋಡಿಸಲೂ ಸುಲಭ, ಬೇಗ ಕರಗಲೂ ಅನುಕೂಲ. ಮತ್ತೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿಗಳನ್ನು ದಯವಿಟ್ಟು ಫ್ರಿಜ್‌ಗೆ ತುರುಕಬೇಡಿ. ಅವು ಫ್ರಿಜ್ ಹುಟ್ಟುವ ಮೊದಲೇ ಕಾಶಿ ಕಂಡು ಬಂದಂಥವು.

ಒಂದೇ ಕೋಣೆಯ ಫ್ರಿಜ್ ಮೈನಸ್‌ನಲ್ಲಿದ್ದರೆ ಹಾಲು, ಮೊಸರು ಎಲ್ಲಿಡುವುದು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೊಂದು ಥರ್ಮಲ್ ಬ್ಯಾಗ್ ಇಟ್ಟುಕೊಳ್ಳಿ. ರಾತ್ರಿ ಊಟದ ಹುಳಿ ಪ್ಯಾಕೆಟ್ಟನ್ನೂ ಗಟ್ಟಿಯಾದ ಒಂದು ನೀರಿನ ಬಾಟಲಿಯನ್ನೂ ಬೆಳಿಗ್ಗೆಯೇ ಅದರಲ್ಲಿ ಮೊಸರಿನ ಜೊತೆ ಹಾಕಿ. ಹುಳಿ ನಿಧಾನಕ್ಕೆ ಕರಗುತ್ತ ಮೊಸರನ್ನು ತಂಪಾಗಿಡುತ್ತದೆ. ಎರಡು ಕೋಣೆಯ ಫ್ರಿಜ್‌ಗೆ ಹೆಚ್ಚು ದುಡ್ಡು ಕೊಡುವ ಮುಂಚೆ ಇದನ್ನು ಮಾಡಿ ನೋಡಿ.

ಪ್ಯಾಕೆಟ್ ಮೆತ್ತಗಾಗಿದ್ದರೆ ಎಸೆಯಬೇಕೇ ಎಂದು ದಾರಿಯಲ್ಲಿ ವಾದ ಹತ್ತಿಕೊಳ್ಳುವುದು ಖಂಡಿತ. ಒಳಗೆ ಇನ್ನೂ ಮಂಜಿನ ಹರಳು ಸಿಕ್ಕರೆ ಮತ್ತೆ ಗಟ್ಟಿ ಮಾಡಲು ಬಿಡಬಹುದು. ಪೂರ್ತಿ ಕರಗಿದ್ದರೂ 4 ಡಿಗ್ರಿಯೊಳಗೇ ಇದ್ದರೆ ಅವತ್ತೇ ಚೆನ್ನಾಗಿ ಕುದಿಸಿ ಮುಗಿಸಿ. ಅದಕ್ಕಿಂತ ಮೇಲೇರಿ ಎರಡು ಗಂಟೆ ದಾಟಿದ್ದರೆ, ಉರಿಬಿಸಿಲಿನಲ್ಲಾದರೆ ಒಂದೇ ಗಂಟೆ, ಮೂಸಿ ನೋಡುವ ಗೋಜಿಗೂ ಹೋಗದೆ ಚೆಲ್ಲಿ. ಇದನ್ನು ತೀರ್ಮಾನಿಸಲು ಫ್ರಿಜ್‌ನ ಡಿಸ್ಪ್ಲೇ ಸಾಲದು, ಅದು ತೋರಿಸುವುದು ಗೋಡೆಯ ಪಕ್ಕದ ಚಳಿಯನ್ನು. ಅಗ್ಗದ್ದೊಂದು ಅಡುಗೆ ಥರ್ಮಾಮೀಟರನ್ನು ಪ್ಯಾಕೆಟ್ಟುಗಳ ನಡುವೆ ಸಿಕ್ಕಿಸಿಡಿ.