ಪದ ಪರಿಚಯ: ಜೋಡಿ ವಿಳಾಸ ಪತ್ತೆ

ಡೂಪ್ಲಿಕೇಟ್ ಎಂದ ಕೂಡಲೇ ನಮಗೆ ನೆನಪಾಗುವುದು ಕಲಬೆರಕೆ ಜೇನುತುಪ್ಪ, ನಕಲಿ ಬಿಡಿಭಾಗ. ಹೀಗಾಗಿ ‘ಡೂಪ್ಲಿಕೇಟ್ ಅಡ್ರೆಸ್ ಡಿಟೆಕ್ಷನ್’ ಎಂಬುದನ್ನು ‘ನಕಲಿ ವಿಳಾಸ ಪತ್ತೆ’ ಎಂದು ಕನ್ನಡಿಸಿದರೆ ಕಳ್ಳನನ್ನು ಹಿಡಿಯುವ ಕೆಲಸದಂತೆ ಕೇಳಿಸುತ್ತದೆ. ಇಲ್ಲಿ ಕಳ್ಳನಿಲ್ಲ. ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸ, ಒಂದೇ ಆಗಿ ಎರಡು ಸಾಧನಗಳ ಪಾಲಾಗಿರುತ್ತದೆ, ಎರಡೂ ಅದನ್ನು ತಮ್ಮದೆಂದೇ ನಂಬಿರುತ್ತವೆ. ಆದ್ದರಿಂದ ನಾನು ‘ಜೋಡಿ ವಿಳಾಸ’ ಎನ್ನುತ್ತೇನೆ.

ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ಸಂತೆಯಲ್ಲಿ ‘ಬೋಪಣ್ಣ’ ಎಂದು ಕೂಗಿದರೆ ನಾಲ್ಕು ಮಂದಿ ತಿರುಗುತ್ತಾರೆ. ಯಾರೆಂದು ತಿಳಿಯಲು ಮನೆ ಪೆದ, ಅಂದರೆ ಒಕ್ಕದ (ಮನೆತನದ) ಹೆಸರು ಬೇಕು. ಸಾಧನಕ್ಕೂ ಎರಡು ಗುರುತುಗಳಿವೆ. ಕಾರ್ಖಾನೆಯಿಂದಲೇ ಬರುವ 48 ಬಿಟ್‌ಗಳ ಮ್ಯಾಕ್ ವಿಳಾಸದ ಮೊದಲರ್ಧ ತಯಾರಕರನ್ನು ಹೇಳುತ್ತದೆ. ಐಪಿ ವಿಳಾಸ ನೆಟ್‌ವರ್ಕ್ ಸೇರಿದ ಮೇಲೆ ಸಿಗುವಂಥದ್ದು. ಜೋಡಿಯಾಗುವುದು ಸಾಮಾನ್ಯವಾಗಿ ಈ ಎರಡನೆಯದು.

ಕಳೆದ ಮಳೆಗಾಲದಲ್ಲಿ ಮಡಿಕೇರಿ ಬಳಿಯ ನಮ್ಮ ನೆಂಟರ ಹೋಮ್‌ಸ್ಟೇಯಲ್ಲಿ ಹೀಗೇ ಆಯಿತು. ಗೇಟಿನ ಕ್ಯಾಮೆರಾಗೆ 192.168.1.20 ಎಂದು ಕೈಯಾರೆ ವಿಳಾಸ ಕೊಟ್ಟಿದ್ದರು. ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು. ರೌಟರ್ ಮಾತ್ರ ಯುಪಿಎಸ್‌ನಲ್ಲಿ ಉಸಿರಾಡುತ್ತಿತ್ತು. ತಡವಾಗಿ ಬಂದ ಅತಿಥಿಯೊಬ್ಬರ ಫೋನಿಗೆ ಅದು ಅದೇ ವಿಳಾಸವನ್ನು ಹಂಚಿತು. ‘ಇದು ಯಾರದ್ದಾದರೂ ಇದೆಯೇ?’ ಎಂದು ಕೇಳಿದ್ದರೂ ಉತ್ತರಿಸಬೇಕಾದ ಕ್ಯಾಮೆರಾ ಆಗ ಕತ್ತಲಲ್ಲಿತ್ತು. ಬೆಳಿಗ್ಗೆ ಕರೆಂಟ್ ಬಂದಾಗ ಕ್ಯಾಮೆರಾ ಯಾರನ್ನೂ ಕೇಳದೆ ಹಳೆಯ ವಿಳಾಸದಲ್ಲೇ ಕೂತಿತು. ಗೇಟಿನ ಚಿತ್ರ ಎರಡು ನಿಮಿಷ ಕಾಣುವುದು, ಮತ್ತೆ ಸ್ತಬ್ಧ.

ಕೇಳುವ ಈ ಕ್ರಮವೇ ಜೋಡಿ ವಿಳಾಸ ಪತ್ತೆ. ಹಳೆಯ ಐಪಿವಿ4 ನೆಟ್‌ವರ್ಕಿಗೆ ಇದರ ನಿಯಮ 2008ರ ಆರ್‌ಎಫ್‌ಸಿ 5227 ಎಂಬ ಅಂತರ್ಜಾಲ ದಾಖಲೆಯಲ್ಲಿದೆ; ಪ್ರಶ್ನೆ ಹೋಗುವುದು 1982ರಿಂದ ಇರುವ, ಯಾವ ಐಪಿ ವಿಳಾಸ ಯಾವ ಮ್ಯಾಕ್ ವಿಳಾಸದ್ದೆಂದು ವಿಚಾರಿಸುವ ಎಆರ್‌ಪಿ ಸಂದೇಶದ ಮೂಲಕ. ನನಗೆ ಬಹಳ ಮೆಚ್ಚಿಗೆಯಾದ ಸೂಕ್ಷ್ಮವೊಂದು ಇದರಲ್ಲಿದೆ. ಕೇಳುವ ಸಾಧನವು ಕಳುಹಿಸಿದವರ ಜಾಗದಲ್ಲಿ ತನಗೆ ಬೇಕಾದ ವಿಳಾಸವನ್ನು ಬರೆಯುವುದಿಲ್ಲ, 0.0.0.0 ಎಂದು ಬರೆಯುತ್ತದೆ. ಬರೆದಿದ್ದರೆ ಉಳಿದ ಸಾಧನಗಳು, ಯಾವ ಐಪಿ ಯಾವ ಮ್ಯಾಕ್‌ನದೆಂದು ಬರೆದಿಟ್ಟುಕೊಂಡ ತಮ್ಮ ಪಟ್ಟಿಯನ್ನು ತಿದ್ದಿಕೊಂಡು, ನಿಜವಾದ ಒಡೆಯನಿಗೆ ಹೋಗಬೇಕಾದ ಮಾಹಿತಿಯನ್ನು ಇತ್ತ ತಿರುಗಿಸಿಬಿಡುತ್ತಿದ್ದವು. ಕೇಳಿದ್ದರಿಂದಲೇ ಯಾರಿಗೂ ತೊಂದರೆಯಾಗಬಾರದು ಎಂಬ ಕಾಳಜಿ ಅದು. ಒಂದರಿಂದ ಎರಡು ಸೆಕೆಂಡುಗಳ ಅಂತರದಲ್ಲಿ ಮೂರು ಸಲ ಕೇಳಿ, ಕೊನೆಗೆ ಎರಡು ಸೆಕೆಂಡು ಕಾದು, ಯಾರೂ ಉತ್ತರಿಸದಿದ್ದರೆ ವಿಳಾಸ ತನ್ನದೆಂದು ಸಾರುತ್ತದೆ. ಮೊದಲ ಪ್ರಶ್ನೆಗೂ ಮುನ್ನ ಒಂದು ಸೆಕೆಂಡಿನೊಳಗೆ ಮನಬಂದಷ್ಟು ಹೊತ್ತು ಸುಮ್ಮನಿರುತ್ತದೆ. ಕರೆಂಟ್ ಬಂದೊಡನೆ ಎಲ್ಲ ಸಾಧನಗಳೂ ಒಟ್ಟಿಗೆ ಎದ್ದು ಒಟ್ಟಿಗೆ ಕೂಗಬಾರದಲ್ಲ! ನಮ್ಮ ಜುಲೈ ತಿಂಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ಪ್ರಶ್ನೆ ಮುಗಿಯುವವರೆಗೆ ವಿಳಾಸವನ್ನು ‘ತಾತ್ಕಾಲಿಕ’ ಎಂದೇ ಇಡಲಾಗುತ್ತದೆ. ಸಾಮಾನ್ಯವಾಗಿ ಒಂದೇ ಸಲ ಕೇಳಿ ಒಂದು ಸೆಕೆಂಡು ಕಾಯುವುದು ಅಲ್ಲಿನ ಪದ್ಧತಿ.

ಹೋಮ್‌ಸ್ಟೇಯಲ್ಲಿ ನಾವು ಕೈಯಿಂದಲೇ ಹುಡುಕಬೇಕಾಯಿತು. ಕ್ಯಾಮೆರಾದ ಕೇಬಲ್ ಕಿತ್ತು ಆ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶ ಕಳುಹಿಸಿದೆ. ಉತ್ತರ ಬಂತು! ಲ್ಯಾಪ್‌ಟಾಪ್‌ನ ಎಆರ್‌ಪಿ ಪಟ್ಟಿ ತೆರೆದರೆ, ಅಲ್ಲಿದ್ದ ಮ್ಯಾಕ್ ವಿಳಾಸ ಕ್ಯಾಮೆರಾದ ಅಡಿಯಲ್ಲಿ ಅಂಟಿಸಿದ್ದ ಚೀಟಿಯೊಂದಿಗೆ ತಾಳೆಯಾಗಲಿಲ್ಲ. ಪಟ್ಟಿಯಲ್ಲಿದ್ದ ಮ್ಯಾಕ್ ವಿಳಾಸದ ಎರಡನೆಯ ಅಕ್ಷರ ‘ಎ’ (A) ಆಗಿತ್ತು. ಆ ಸ್ಥಾನದಲ್ಲಿ 2, 6, ಎ (A) ಅಥವಾ ಇ (E) ಇದ್ದರೆ ಅದು ಕಾರ್ಖಾನೆಯ ಗುರುತಲ್ಲ, ಸಾಧನವೇ ಸೃಷ್ಟಿಸಿಕೊಂಡದ್ದಿರಬೇಕು. ಈಗಿನ ಫೋನುಗಳು ಖಾಸಗಿತನಕ್ಕಾಗಿ ಹಾಗೆ ಮಾಡುತ್ತವೆ. ಅತಿಥಿಯ ಫೋನಿನ ಮೇಲೆ ಅನುಮಾನ ಬಂದದ್ದು ಹೀಗೆ. ಅವರು ವೈಫೈ ಆರಿಸಿದ ಕೂಡಲೇ ಪಿಂಗ್ ನಿಂತಿತು.

ರೌಟರ್ ಹಂಚುವ ವಿಳಾಸಗಳ ಕೊನೆಯ ಸಂಖ್ಯೆ 100ರಿಂದ ಆರಂಭವಾಗುವಂತೆ ಬದಲಿಸಿ, ಕ್ಯಾಮೆರಾವನ್ನು 20ರಲ್ಲೇ ಬಿಟ್ಟೆವು.